ಆ ಎಂಟು ದಿನಗಳು ನಿನ್ನವಲ್ಲ

ಶಬಾನಾ, ನಿನ್ನಿಂದ ತಡವಾಗಲಿಲ್ಲ. ನಿನ್ನ ಅಬ್ಬಾನ ಕೈಗೆ ಸಿಗಬೇಕಿದ್ದ ಪರಿಹಾರ ತಪ್ಪಿದ್ದು ನನ್ನಿಂದ. ವಿಮಾ ಕಂಪನಿಯಿಂದ ಬಂದ ಪತ್ರವನ್ನು ಬಚ್ಚಿಟ್ಟವನು ನಾನು. ಬಚ್ಚಿಟ್ಟದ್ದಷ್ಟೇ ಅಲ್ಲ, ಆಮೇಲೆ ಆ ತಪ್ಪನ್ನು ತಂದು ನಿನ್ನ ತಲೆಗೆ ಕಟ್ಟಿದವನೂ ನಾನೇ — ನಿನ್ನ ಸಂಗಣ್ಣ ಕಾಕಾ.

ಇಷ್ಟು ಹೇಳಲು ಮೂರು ವರ್ಷ ಬೇಕಾಯಿತು. ಎದುರು ನಿಂತು ಹೇಳೋಣವೆಂದರೆ ನನ್ನ ನಾಲಿಗೆಯನ್ನು ನಾನು ನಂಬುವುದಿಲ್ಲ. ಮಾನ್ವಿಯಲ್ಲಿ ವಕೀಲರೊಬ್ಬರ ಹತ್ತಿರ ಮೂವತ್ತು ವರ್ಷ ಗುಮಾಸ್ತನಾಗಿದ್ದವನ ನಾಲಿಗೆ ಅದು. ಹೇಳಬೇಕಾದ್ದನ್ನು ಸುತ್ತಿ ಬಳಸಿ, ಕೊನೆಗೆ ಕೇಳಿದವರೇ ತಪ್ಪು ಮಾಡಿದವರು ಎನ್ನುವ ಹಾಗೆ ಮಾಡಿಬಿಡುತ್ತದೆ. ಹಾಗೆ ಮಾಡಿದೆ ಕೂಡ. ಆದ್ದರಿಂದ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವ ಸಂಗತಿಯಿಂದಲೇ ಶುರುಮಾಡುತ್ತೇನೆ. ನಿನ್ನ ಅಬ್ಬಾ ಹುಸೇನಿ ದೇವದುರ್ಗಕ್ಕೆ ಹೋಗಿದ್ದು ಮದುವೆ ಮನೆಯೊಂದರ ಗಾದಿ ಮಾಡಲು. ಆರು ಗಾದಿ, ಹನ್ನೆರಡು ತಲೆದಿಂಬು. ಅವನ್ನು ಟ್ರ್ಯಾಕ್ಟರಿಗೆ ಹೇರುವಾಗ ಗಾಡಿ ಹಿಂದಕ್ಕೆ ಬಂತು. ಟ್ರಾಲಿಗೂ ಕಲ್ಲಿನ ಗೋಡೆಗೂ ನಡುವೆ ಅವನ ಬಲಗೈ ಸಿಕ್ಕಿತು. ದೇವದುರ್ಗದಲ್ಲೇ ಪೊಲೀಸರಿಗೆ ದೂರು ಬರೆಸಿ, ರಾಯಚೂರಿಗೆ ತಂದರು. ಆಪರೇಷನ್ ಸರ್ಕಾರದ ಕಾರ್ಡಿನಲ್ಲಿ ಆಯಿತು. ಕೈ ಉಳಿಯಿತು, ಬೆರಳುಗಳು ಮಡಚಲಿಲ್ಲ. ದಬ್ಬಣ ಹಿಡಿದು ಗಾದಿ ಹೊಲಿಯುವವನಿಗೆ ಮಡಚದ ಬೆರಳು ಇದ್ದರೆಷ್ಟು, ಬಿಟ್ಟರೆಷ್ಟು?

ಪರಿಹಾರಕ್ಕೆ ಯಾರನ್ನು ಕೇಳುವುದು ಎಂಬ ಪ್ರಶ್ನೆ ಆಗ ಬಂತು. ನಮ್ಮ ಕಡೆಯ ರೂಢಿ ನಿನಗೆ ಹೊಸದಲ್ಲ — ಇಂಜಿನ್ ಒಬ್ಬನದು, ಹಿಂದಿನ ಟ್ರಾಲಿ ಇನ್ನೊಬ್ಬನದು. ಪಕ್ಕದ ಮನೆಯ ಒರಳು ಕೇಳಿ ತಂದ ಹಾಗೆ ಟ್ರಾಲಿ ಕೇಳಿ ತಂದು ಸಿಕ್ಕಿಸಿಕೊಳ್ಳುತ್ತಾರೆ. ಅವತ್ತು ಇಂಜಿನ್ ದೇವದುರ್ಗದವನದು, ಟ್ರಾಲಿ ಬಾಗಲವಾಡದ ರೈತನದು. ಎರಡಕ್ಕೂ ಬೇರೆ ನಂಬರು, ಬೇರೆ ವಿಮೆ, ಬೇರೆ ಕಂಪನಿ. ಇಂಜಿನ್ನಿನವನು ಒಳ್ಳೆಯ ಮನುಷ್ಯ. ತಾನಾಗಿ ಬಂದು ಎರಡರ ಜೆರಾಕ್ಸನ್ನೂ ನಿನ್ನ ಅಬ್ಬಾನ ಕೈಯಲ್ಲಿಟ್ಟು ಹೋದ. ಯಾವುದಾದರೂ ಕಾಗದ ಸಿಗದೆ ಕೆಲಸ ಕೆಟ್ಟಿತೆಂದು ಹೇಳಲು ನನಗೆ ಆಸ್ಪದವೇ ಇಲ್ಲ.

ಹುಸೇನಿ ಆ ಕಾಗದಗಳನ್ನು ಹಿಡಿದು ನೇರ ನನ್ನ ಹತ್ತಿರ ಬಂದ. ಬಸ್ ನಿಲ್ದಾಣದ ಎದುರಿನ ಚಹಾದ ಅಂಗಡಿಗೆ — ಗೋಡೆ ಬದಿಯ ಆ ಕಬ್ಬಿಣದ ಕುರ್ಚಿಗೆ. ಆ ಕುರ್ಚಿಯ ವಿಷಯ ನಿನಗೆ ಹೇಳಬೇಕು. ನಿನ್ನ ಕಾಕಿ ತೀರಿಕೊಂಡ ಮೇಲೆ ನನಗೆ ಮನೆಯೆಂದರೆ ನಾಲ್ಕು ಗೋಡೆ ಅಷ್ಟೇ. ಮಕ್ಕಳಿಲ್ಲ. ವಕೀಲರು ಒಂದು ಮಾತು ಅಂದರೆಂದು ಅವರ ಕೆಲಸವನ್ನೂ ಬಿಟ್ಟಿದ್ದೆ. ದಿನವಿಡೀ ಯಾರೂ ಹೆಸರು ಹಿಡಿದು ಕರೆಯದ ಮನುಷ್ಯನನ್ನು ಆ ಕುರ್ಚಿಯಲ್ಲಿ ಕೂತಾಗ ಮಾತ್ರ ಹತ್ತು ಮಂದಿ ಹುಡುಕಿಕೊಂಡು ಬರುತ್ತಿದ್ದರು. ಅರ್ಜಿ, ಪಹಣಿ, ವಿಮೆ — ಯಾವ ಕಾಗದ ಮೊದಲು ಎಲ್ಲಿಗೆ ಹೋಗಬೇಕು ಎಂಬುದು ಸಂಗಣ್ಣನಿಗೆ ಗೊತ್ತು ಅನ್ನುತ್ತಿದ್ದರು. ಆ ಮಾತಿನ ಮೇಲೆ ನಾನು ಬದುಕಿದ್ದೆ. ಇದು ನೆಪವಲ್ಲ, ಮಗಳೇ. ನನ್ನ ರೋಗ ಎಲ್ಲಿತ್ತು ಎಂದು ತೋರಿಸುತ್ತಿದ್ದೇನೆ, ಅಷ್ಟೆ.

"ವಕೀಲರನ್ನ ಒಂದು ಮಾತು ಕೇಳೋಣೇನು ಸಂಗಣ್ಣ?" ಎಂದ ನಿನ್ನ ಅಬ್ಬಾ.

"ಯಾಕಲೇ, ನಾ ಸತ್ತೀನೇನು?" ಎಂದೆ.

ಅವನು ನಕ್ಕ. ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ. ನೀನು ಅವನ ಹಿಂದೆ ನಿಂತಿದ್ದೆ, ಎದೆಗೆ ಫೈಲು ಅವುಚಿಕೊಂಡು. ನಾನು ಎರಡೂ ಜೆರಾಕ್ಸನ್ನು ಮೇಜಿನ ಮೇಲೆ ಹರಡಿ, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟೆ — ಕೈಮೇಲೆ ಬಂದದ್ದು ಟ್ರಾಲಿ, ಇಂಜಿನ್ ಇವನನ್ನು ಮುಟ್ಟಲೇ ಇಲ್ಲ. ಆದ್ದರಿಂದ ಟ್ರಾಲಿಯ ಕಂಪನಿಗೇ ಬರೆಯಬೇಕು. ಇಂಜಿನ್ನಿನ ಜೆರಾಕ್ಸನ್ನು ಮಡಚಿ ಬದಿಗಿಟ್ಟೆ.

ಆಗ ನೀನು ಕೇಳಿದೆ. ಮೆಲ್ಲಗೇ ಕೇಳಿದೆ.

"ಟ್ರಾಲಿ ತಾನಾಗೇ ಹೆಂಗ ಬರ್ತದ ಕಾಕಾ? ತಳ್ಳಿದ್ದು ಇಂಜಿನ್ ಅಲ್ಲೇನು? ಮೊದಲು ಅವರಿಗೇ ಬರಿಬೇಕಲ್ಲೇನ್ರಿ?"

ಅಷ್ಟೇ. ಸರಿಯಾದ ಮಾತು, ಬೆಳಕಿನಷ್ಟು ನೇರ. ಮೂವತ್ತು ವರ್ಷ ಕೋರ್ಟಿನ ಧೂಳು ಕುಡಿದವನಿಗೆ ಹೊಳೆಯದ್ದು ಬಿಕಾಂ ಕೊನೆಯ ವರ್ಷದ ಹುಡುಗಿಗೆ ಹೊಳೆದಿತ್ತು. ನನಗೆ ಒಳಗೆ ಏನೋ ಚುಚ್ಚಿತು — ಆ ಕ್ಷಣದಲ್ಲೇ ಅನುಮಾನ ಬಂತು, ಬರಲಿಲ್ಲವೆಂದು ಹೇಳಲಾರೆ. ಆದರೆ ಹತ್ತು ಮಂದಿ ಕಪ್ಪು ಹಿಡಿದು ನನ್ನ ಮುಖ ನೋಡುತ್ತಿದ್ದರು.

"ಕೇಳ್ರೆಪ್ಪಾ ಕೇಳ್ರಿ," ಅಂದೆ. "ನಾಯಿ ಕಚ್ಚಿದ್ರ ನಾಯಿ ಬಿಟ್ಟು ಅದರ ಕೊಳ್ಳಾಗಿನ ಹಗ್ಗದ ಮ್ಯಾಲೆ ಕೇಸ್ ಹಾಕ್ತಾಳಂತ ನಮ್ಮ ಬಿಕಾಂ ಮೇಡಮ್ಮು!"

ಅಂಗಡಿ ತುಂಬಾ ನಗು. ಮಾತಿನಲ್ಲಿ ಅರ್ಥವಿರಲಿಲ್ಲ, ಆದರೆ ಬೇಕಾದದ್ದು ಅರ್ಥವಲ್ಲ, ನಗು. ನಿನ್ನ ಅಬ್ಬಾನೂ ನಕ್ಕ. ನೀನೂ ನಕ್ಕೆ — ಮುಖ ಕೆಂಪಗಾಗಿತ್ತು, ಆದರೂ ನಕ್ಕೆ. ಅದೇ ದಿನ ಟ್ರಾಲಿಯ ಕಂಪನಿಗೆ ರಿಜಿಸ್ಟರ್ ಪೋಸ್ಟು ಹಾಕಿದೆ. ಆ ಕಂಪನಿಯವರು ಅಂಗವೈಕಲ್ಯದ ಸರ್ಟಿಫಿಕೇಟು ಕೇಳಿದರು. ಡಾಕ್ಟರು ಹೇಳಿದ ದಿನ ನಿನಗೆ ಪರೀಕ್ಷೆ ಇತ್ತು. ಪರೀಕ್ಷೆ ಮುಗಿಸಿಕೊಂಡು, ಎಂಟು ದಿನ ಬಿಟ್ಟು, ನೀನೇ ರಾಯಚೂರಿಗೆ ಹೋಗಿ ಅದನ್ನು ತಂದುಕೊಟ್ಟೆ. ನಾನು ಕಳಿಸಿದೆ. ಆ ಎಂಟು ದಿನದಿಂದ ಯಾರಿಗೂ ಏನೂ ಆಗಲಿಲ್ಲ. ಇದನ್ನು ಚೆನ್ನಾಗಿ ಓದಿಕೋ — ಏನೂ ಆಗಲಿಲ್ಲ.

ಅಪಘಾತವಾಗಿ ಐದು ತಿಂಗಳು ಕಳೆದ ಮೇಲೆ ಕಂಪನಿಯ ಉತ್ತರ ಬಂತು. ಮಧ್ಯಾಹ್ನ, ನಾನೊಬ್ಬನೇ ಮನೆಯಲ್ಲಿದ್ದೆ. ಇಂಗ್ಲಿಷಿನಲ್ಲಿ ಒಂದೇ ಪುಟ. ಟ್ರಾಲಿ ತಾನಾಗಿ ಚಲಿಸುವ ವಾಹನವಲ್ಲ, ಅಪಘಾತದ ಹೊತ್ತಿಗೆ ಅದಕ್ಕೆ ಜೋಡಿಸಿದ್ದ ಇಂಜಿನ್ನಿನ ವಿಮಾ ಕಂಪನಿಯನ್ನು ಮೊದಲು ಕೇಳಬೇಕು, ಕಾಗದಗಳನ್ನು ಹಿಂದಿರುಗಿಸಿದ್ದೇವೆ. ಇಷ್ಟೇ. ಸರ್ಟಿಫಿಕೇಟಿನ ಮಾತಾಗಲಿ, ತಡವಾಯಿತೆಂಬ ಮಾತಾಗಲಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನೀನು ಚಹಾದಂಗಡಿಯಲ್ಲಿ ಕೇಳಿದ್ದನ್ನೇ ಅವರು ಟೈಪು ಮಾಡಿ, ಸಹಿ ಹಾಕಿ, ಮುದ್ರೆ ಒತ್ತಿ ಕಳಿಸಿದ್ದರು.

ಆಗ ಇನ್ನೂ ಇಪ್ಪತ್ತೈದು ದಿನ ಉಳಿದಿತ್ತು, ಶಬಾನಾ. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಕೋರ್ಟಿಗೆ ಬೀಳಬೇಕೆಂಬುದು ನನಗೆ ಗೊತ್ತಿತ್ತು. ಇಂಜಿನ್ನಿನ ಕಂಪನಿಗೆ ಬರೆದು, ಜೊತೆಗೆ ವಕೀಲರಿಂದ ಅರ್ಜಿ ಹಾಕಿಸಲು ಇಪ್ಪತ್ತೈದು ದಿನ ಬೇಕಾದಷ್ಟಿತ್ತು. ನಾಲ್ಕು ದಿನದ ಕೆಲಸ ಅದು. ನಾನು ಪತ್ರವನ್ನು ಮಡಚಿ ನಿನ್ನ ಕಾಕಿಯ ಟ್ರಂಕಿನಲ್ಲಿ, ಅವಳ ಇಳಕಲ್ ಸೀರೆಯ ಕೆಳಗೆ ಇಟ್ಟೆ.

ಏನೂ ಮಾಡದೆ ಸುಮ್ಮನೆ ಕೂತೆ ಎಂದಲ್ಲ. ಅದು ಇನ್ನೂ ಕೆಟ್ಟದ್ದು — ಮಾಡಲು ಹೊರಟಿದ್ದೆ. ಯಾರಿಗೂ ತಿಳಿಯದ ಹಾಗೆ ಇಂಜಿನ್ನಿನ ಕಂಪನಿಗೆ ಹೊಸ ಅರ್ಜಿ ಬರೆದೆ. ಅದಕ್ಕೆ ಹುಸೇನಿಯ ಎಡಗೈ ಹೆಬ್ಬೆಟ್ಟು ಬೇಕಿತ್ತು. ಅರ್ಜಿ ಹಿಡಿದು ನಿಮ್ಮ ಮನೆಯ ತನಕ ಬಂದೆ. ಬಾಗಿಲು ತೆಗೆದವಳು ನೀನು. ನಿನಗೆ ನೆನಪಿದೆಯೋ ಇಲ್ಲವೋ — ಹಿಟ್ಟು ಮೆತ್ತಿದ ಕೈ, ಮುಖದ ತುಂಬಾ ನಗು.

"ಬರ್ರಿ ಕಾಕಾ. ಏನಾತ್ರಿ ನಮ್ಮ ನಾಯಿ ಕೇಸು?"

ನೀನು ಚೇಷ್ಟೆಗೆ ಅಂದದ್ದು. ನನ್ನದೇ ಹಾಸ್ಯವನ್ನು ಪ್ರೀತಿಯಿಂದ ನನಗೆ ತಿರುಗಿಸಿ ಕೊಟ್ಟದ್ದು. ಆದರೆ ನನಗೆ — ಹೇಗೆ ಹೇಳಲಿ — ಕಿಸೆಯಲ್ಲಿದ್ದ ಅರ್ಜಿ ಸುಟ್ಟ ಹಾಗಾಯಿತು. ಇದನ್ನು ಹೊರಗೆ ತೆಗೆದರೆ ನೀನು ಓದುತ್ತೀಯ. ಓದಿದರೆ ಮೇಲಿನ ಸಾಲಿನಲ್ಲೇ ಇಂಜಿನ್ನಿನ ನಂಬರು. ನೀನು ಏನೂ ಅನ್ನುತ್ತಿರಲಿಲ್ಲ, ನನಗೆ ಗೊತ್ತು. ಸುಮ್ಮನೆ ನನ್ನ ಮುಖ ನೋಡುತ್ತಿದ್ದೆ. ಆ ಒಂದು ನೋಟ ತಪ್ಪಿಸಿಕೊಳ್ಳಲು "ನಡದದ ನಡದದ, ಕಂಪನಿಯವರು ನೋಡಾಕತ್ತಾರ" ಎಂದು, ಚಹಾ ಕೂಡ ಕುಡಿಯದೆ ಹೊರಟೆ.

ಮತ್ತೆರಡು ಸಲ ನಿಮ್ಮ ಓಣಿಯ ತಿರುವಿನ ತನಕ ಬಂದು ಹಿಂದಿರುಗಿದೆ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು... ಆರು ತಿಂಗಳು ತುಂಬಿತು.

ಅದಾದ ಮೇಲೆ ಒಂದು ಸಂಜೆ ಹುಸೇನಿ ನಿನ್ನನ್ನೂ ಕರೆದುಕೊಂಡು ಅಂಗಡಿಗೆ ಬಂದು ನೇರ ಕೇಳಿದ: "ಏನಾತಪ್ಪಾ? ಹೌದು ಅಂತಾರೋ, ಇಲ್ಲ ಅಂತಾರೋ?" ಏನಾದರೂ ಹೇಳಲೇಬೇಕಿತ್ತು. ಕಂಪನಿಯೇ ಮೋಸ ಮಾಡಿತು ಅನ್ನಬಹುದಿತ್ತು. ಕಾನೂನು ಹಾಗಿದೆ ಅನ್ನಬಹುದಿತ್ತು. ಹಾಗೆಂದಿದ್ದರೆ ನೀನು ಪತ್ರ ತೋರಿಸಿ ಅನ್ನುತ್ತಿದ್ದೆ — ನೀನು ಕೇಳುವವಳು. ನೀನು ಮತ್ತೆ ಬಾಯಿ ತೆರೆಯದ ಹಾಗೆ ಮಾಡುವ ಮಾತು ನನಗೆ ಬೇಕಿತ್ತು. ಅದು ಸಿಕ್ಕಿತು. ಹುಡುಕುವ ಕಷ್ಟವೂ ಆಗಲಿಲ್ಲ, ನಾಲಿಗೆಯ ತುದಿಯಲ್ಲೇ ಇತ್ತು.

"ಆ ಸರ್ಟಿಫಿಕೇಟು ಎಂಟು ದಿನ ತಡಾ ಆತಲ್ಲ... ಅದನ್ನ ಹಿಡಕೊಂಡುಬಿಟ್ರು ನೋಡು ಹುಸೇನಿ."

ನೀನು ಅಳಲಿಲ್ಲ. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದೆ. "ನಾ ಪರೀಕ್ಷಿ ಬಿಟ್ಟು ಹೋಗಬೇಕಿತ್ತು ಅಬ್ಬಾ," ಎಂದೆ. ಅವನು ತನ್ನ ಎಡಗೈಯನ್ನು ನಿನ್ನ ತಲೆಯ ಮೇಲಿಟ್ಟ. "ಹೋಗ್ಲಿ ಬಿಡು ಬೇಟಿ. ನನ್ನ ನಸೀಬು ಅದು, ನೀ ಏನು ಮಾಡ್ತಿ." ನನ್ನ ಕಡೆ ತಿರುಗಿ ಅವನು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ಪಾಪ, ನೀನೂ ಭಾಳ ಓಡ್ಯಾಡಿದಿ ಸಂಗಣ್ಣ."

ಓಡಾಡಿದ್ದೆ, ಹೌದು. ನಿಮ್ಮ ಓಣಿಯ ತಿರುವಿನ ತನಕ.

ನೀನು ಬಿಎಡ್ ಸೇರುವ ಮಾತು ಅಲ್ಲಿಗೆ ನಿಂತಿತು. ರಾಯಚೂರಿನ ನರ್ಸಿಂಗ್ ಹೋಮೊಂದರಲ್ಲಿ ವಿಮೆಯ ಕೌಂಟರಿಗೆ ಸೇರಿಕೊಂಡೆ. ಹುಸೇನಿ ಬೇರೆಯವರ ಅಂಗಡಿಯಲ್ಲಿ ಫೋಮಿನ ಗಾದಿ ಮಾರಲು ಕೂತ. ಹತ್ತಿಯ ಗಾದಿ ಮಾಡುವುದರಲ್ಲಿ ಸುತ್ತ ಹತ್ತು ಊರಿಗೆ ಹೆಸರಾದವನು ಫ್ಯಾಕ್ಟರಿಯಿಂದ ಬಂದ ಪ್ಲಾಸ್ಟಿಕ್ ಹೊದಿಕೆಯ ಗಾದಿಗಳ ಧೂಳು ಒರೆಸಲು ಕೂತ. ನಾನು ಆ ರಸ್ತೆಯಲ್ಲಿ ಹೋಗುವುದನ್ನು ಬಿಟ್ಟೆ. ಚಹಾದ ಅಂಗಡಿಗೂ ಹೋಗಲಾಗಲಿಲ್ಲ. ಯಾವ ಕುರ್ಚಿ ಉಳಿಸಿಕೊಳ್ಳಲು ಇಷ್ಟೆಲ್ಲ ಮಾಡಿದೆನೋ ಅದರ ಮೇಲೆ ಕೂತರೆ ನಿನ್ನ ದುಪಟ್ಟಾದ ಅಂಚೇ ಕಣ್ಣ ಮುಂದೆ ಬರುತ್ತಿತ್ತು.

ಅವನು ಮಾತ್ರ ಬಿಡಲಿಲ್ಲ. ಕಳೆದ ವರ್ಷ ಒಮ್ಮೆ ತಾನೇ ಮನೆಗೆ ಬಂದ. ನಾನು ಮಲಗುವುದು ಅವನು ಮಾಡಿದ ಗಾದಿಯ ಮೇಲೆ — ನಿನ್ನ ಕಾಕಿ ತೀರಿಕೊಂಡ ವರ್ಷ ಹಳೆಯದನ್ನು ಬಿಚ್ಚಿ, ಹತ್ತಿ ಬಿಸಿಲಿಗೆ ಹಾಕಿ, ಹೊಸದಾಗಿ ಹೊಲಿದುಕೊಟ್ಟಿದ್ದ. ಅದರ ಮೇಲೆ ಕೂತು ಎಡಗೈಯಿಂದ ಒತ್ತಿ ನೋಡಿದ. "ಹತ್ತಿ ಗಂಟಾಗ್ಯದಲ್ಲೋ. ಬಿಚ್ಚಿ ಮತ್ತ ಹೊಲಿಬೇಕಿತ್ತು," ಎಂದ. ಆಮೇಲೆ ತನ್ನ ಬಲಗೈ ನೋಡಿಕೊಂಡ. ನಾನು ಚಹಾ ಮಾಡುವ ನೆಪದಿಂದ ಒಳಗೆ ಹೋಗಿ, ಒಲೆ ಹಚ್ಚದೆ ನಿಂತಿದ್ದೆ.

ಪ್ರತಿ ರಂಜಾನಿಗೂ ನಿಮ್ಮ ಮನೆಯಿಂದ ಸುರಕುಂಬಾ ಪಾಯಸ ಬರುತ್ತದೆ. ನೀನೇ ತಂದುಕೊಡುತ್ತೀಯ. ಒಂದು ಚಮಚವೂ ನನಗೆ ಇಳಿದಿಲ್ಲ. ಮೂರು ಹಬ್ಬದ ಮೂರು ಸ್ಟೀಲಿನ ಡಬ್ಬಿಗಳು ತೊಳೆದಿಟ್ಟ ಹಾಗೇ ನನ್ನ ಅಡುಗೆಮನೆಯಲ್ಲಿವೆ. ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ಅದರಲ್ಲಿ ಏನು ಹಾಕಿ ಕೊಡಲಿ?

ಹೀಗೇ ಸಾಯುತ್ತಿದ್ದೆನೇನೋ. ಆದರೆ ಹೋದ ವಾರ ಬಚ್ಚಲಲ್ಲಿ ಜಾರಿ ಬಿದ್ದೆ. ಮೊಣಕೈ ಊದಿಕೊಂಡಿತು. ಮಾನ್ವಿಯ ಡಾಕ್ಟರು ರಾಯಚೂರಿಗೆ ಹೋಗಿ ತೋರಿಸೆಂದರು. ಬರೆದುಕೊಟ್ಟದ್ದು ನಿನ್ನ ನರ್ಸಿಂಗ್ ಹೋಮಿನ ಹೆಸರನ್ನೇ. ಅಲ್ಲಿಗೆ ಹೋಗದೆ ಬೇರೆ ಕಡೆ ಹೋಗೋಣವೆಂದುಕೊಂಡೇ ಬಸ್ಸು ಹತ್ತಿದೆ. ಇಳಿದಾಗ ನೋವಿಗೆ ಕಾಲುಗಳು ಅಲ್ಲಿಗೇ ಕರೆದೊಯ್ದವು.

ಕೌಂಟರಿನ ಮುಂದೆ ಸಾಲಿತ್ತು. ನನ್ನ ಮುಂದೆ ಕಲ್ಲೂರಿನ ಮುದುಕನೊಬ್ಬ. ಅವನ ಸೊಸೆಗೆ ಟ್ರ್ಯಾಕ್ಟರ್ ಬಡಿದಿತ್ತಂತೆ. ನೀನು ತಲೆ ಎತ್ತದೆ ಬರೆದುಕೊಳ್ಳುತ್ತಿದ್ದೆ.

"ಯಪ್ಪಾ, ಇಂಜಿನ್ ಯಾರದು? ಹಿಂದಿನ ಟ್ರಾಲಿ ಯಾರದು? ಎರಡೂ ಕಾಗದ ತರ್ರಿ. ಮೊದಲು ಇಂಜಿನ್ ಕಂಪನಿ ಹೆಸರು ಬರೀತೀನಿ, ಟ್ರಾಲಿದೂ ಬಿಡಂಗಿಲ್ಲ. ಒಬ್ಬ ವಕೀಲರನ್ನೂ ಕಾಣ್ರಿ."

"ನಾಕು ದಿನ ಬಿಟ್ಟು ತಂದ್ರ ನಡೀತದೇನವ್ವಾ? ಬಿತ್ತಿಗಿ ನಡದದ," ಎಂದ ಮುದುಕ.

ನೀನು ಪೆನ್ನು ಕೆಳಗಿಟ್ಟೆ.

"ಬ್ಯಾಡ್ರಿ ಯಪ್ಪಾ. ನಿಮ್ಮ ಕಾಲು ಬೀಳ್ತೀನಿ, ಒಂದಿನಾನೂ ತಡಾ ಮಾಡಬ್ಯಾಡ್ರಿ. ನಾ ಎಂಟು ದಿನ ತಡಾ ಮಾಡಿ ನಮ್ಮ ಅಬ್ಬಾನ ಕೈಯಿನ ಪರಿಹಾರ ಕಳದೀನಿ."

ಬಾಯಿಪಾಠವಾದ ಮಾತಿನ ಹಾಗೆ ಹೇಳಿದೆ, ಶಬಾನಾ. ಎಷ್ಟು ಜನರಿಗೆ ಹೇಳಿದ್ದೀಯೋ. ದಿನಕ್ಕೆ ಎಷ್ಟು ಸಲವೋ. ನಾನು ಒಮ್ಮೆ ಹೇಳಿ ಕೈತೊಳೆದುಕೊಂಡ ಸುಳ್ಳನ್ನು ನೀನು ಮೂರು ವರ್ಷದಿಂದ ದಿನವೂ ಹೊರುತ್ತಿದ್ದೀಯೆಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ. ನಾನು ಕದ್ದದ್ದು ನಿನ್ನ ಅಬ್ಬಾನ ಪರಿಹಾರ ಮಾತ್ರ ಎಂದುಕೊಂಡಿದ್ದೆ.

ಅಷ್ಟರಲ್ಲಿ ನೀನು ನನ್ನನ್ನು ಕಂಡೆ. "ಅಯ್ಯ, ಕಾಕಾ!" ಎಂದು ಎದ್ದು, ಸಾಲಿನಿಂದ ನನ್ನನ್ನು ಕರೆದು, ನಿನ್ನ ಕುರ್ಚಿಯನ್ನೇ ಈಚೆ ಎಳೆದು ಕೂಡಿಸಿದೆ. ಚಹಾ ತರಿಸಿದೆ. ಪಕ್ಕದ ಹುಡುಗಿಗೆ ನನ್ನ ಪರಿಚಯ ಹೇಳಿದೆ: "ಯಾವ ಕಾಗದ ಮೊದಲು ಎಲ್ಲಿಗಿ ಅನ್ನೋದು ನಾ ಕಲ್ತದ್ದೇ ಇವರ ಕಡಿಂದ." ಆಮೇಲೆ ಫಾರ್ಮು ತೆಗೆದು ಕೇಳಿದೆ:

"ಎಲ್ಲಿ ಬಿದ್ರಿ ಕಾಕಾ? ಮನ್ಯಾಗೋ, ರಸ್ತಾದಾಗೋ? ಖರೇ ಹೇಳ್ರಿ ಮತ್ತ. ಮೊದಲನೇ ಸಾಲು ತಪ್ಪಾತು ಅಂದ್ರ ಮುಂದಿಂದೆಲ್ಲಾ ತಪ್ಪಾಗ್ತದ."

"ಮನ್ಯಾಗವ್ವಾ. ಬಚ್ಚಲದಾಗ," ಎಂದೆ. ಅದೊಂದು ಖರೆ ಹೇಳಿ ಎದ್ದು ಬಂದೆ. ಬಸ್ಸಿನಲ್ಲಿ ಕಲ್ಲೂರು ದಾಟುವ ತನಕ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದೆ. ಪಕ್ಕದವರು ಕೈ ನೋವೇ ಎಂದು ಕೇಳಿದರು. ಹೌದೆಂದೆ.

ಮನೆಗೆ ಬಂದು ಟ್ರಂಕು ತೆರೆದೆ. ಪತ್ರ ಅಲ್ಲೇ ಇತ್ತು. ನನ್ನಿಂದ ಹರಿಯಲೂ ಆಗಿರಲಿಲ್ಲ, ಕೊಡಲೂ ಆಗಿರಲಿಲ್ಲ.

ನಾಲ್ಕು ದಿನ ಯೋಚಿಸಿದ್ದು ಒಂದನ್ನೇ. ಇದನ್ನು ಮೊದಲು ಯಾರಿಗೆ ಕೊಡಬೇಕು? ಹುಸೇನಿಗೆ ಕೊಡಬೇಕೆಂದು ಮೊದಲು ಅನಿಸಿತು — ಕೈ ಅವನದು, ನಷ್ಟ ಅವನದು. ಆದರೆ ಅವನು ಓದಿದೊಡನೆ ಕ್ಷಮಿಸಿಬಿಡುತ್ತಾನೆ. ನನಗೆ ಅವನು ಗೊತ್ತು. "ಹೋಗ್ಲಿ ಬಿಡೋ" ಎಂದು ನನ್ನ ತಲೆಯ ಮೇಲೂ ಕೈಯಿಡುತ್ತಾನೆ. ಆಮೇಲೆ ನಿನ್ನ ಹತ್ತಿರ ಬರುವ ಧೈರ್ಯ ನನಗೆ ಉಳಿಯುವುದಿಲ್ಲ. ಈ ಸಲವೂ ತಪ್ಪು ವಿಳಾಸಕ್ಕೆ ಕಳಿಸಿ ಸುಮ್ಮನಾಗುತ್ತೇನೆ. ಆದ್ದರಿಂದ ಮೊದಲು ನಿನಗೆ. ತಪ್ಪನ್ನು ಹೊರಿಸಿದ್ದು ನಿನ್ನ ಮೇಲೆ. ಇಳಿಸಬೇಕಾದ್ದೂ ನಿನ್ನ ಮೇಲಿನಿಂದಲೇ.

ಅದಾದ ಮೇಲೆ, ಅದೇ ಸಂಜೆ, ನಿನ್ನ ಅಬ್ಬಾನಿಗೆ ನಾನೇ ಹೇಳುತ್ತೇನೆ. ಚಹಾದ ಅಂಗಡಿಯಲ್ಲೂ ಹೇಳುತ್ತೇನೆ, ಅವತ್ತು ನಕ್ಕವರಲ್ಲಿ ಯಾರು ಸಿಗುತ್ತಾರೋ ಅವರೆದುರು — ಹುಡುಗಿ ಹೇಳಿದ್ದೇ ಸರಿ ಇತ್ತು, ನನಗೆ ಗೊತ್ತಾದ ಮೇಲೂ ಮುಚ್ಚಿಟ್ಟೆ ಎಂದು. ಇನ್ನೂ ಯಾವುದಾದರೂ ದಾರಿ ಉಳಿದಿದೆಯೋ ಎಂದು ವಕೀಲರನ್ನು ಕೇಳಬೇಕು. ಉಳಿದಿದೆ, ಉಳಿದಿಲ್ಲ ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳುವುದನ್ನು ಬಿಟ್ಟಿದ್ದೇನೆ. ನೀನು ಯಾರ ಹತ್ತಿರ ಕರೆದರೂ ಬರುತ್ತೇನೆ, ಏನು ನಡೆಯಿತೆಂದು ಸಹಿ ಹಾಕಿ ಬರೆದುಕೊಡುತ್ತೇನೆ.

ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಂಪನಿಯ ಪತ್ರ, ಈ ಕಾಗದ, ಮೂರು ಡಬ್ಬಿ — ಡಬ್ಬಿಗಳು ಬರಿದೇ ಇರುತ್ತವೆ. ಇವನ್ನು ನಿನ್ನ ಕೌಂಟರಿನ ಮೇಲಿಟ್ಟು, ಎಲ್ಲರ ಹಿಂದೆ ಸಾಲಿನಲ್ಲಿ ನಿಲ್ಲುತ್ತೇನೆ. ಓದಿ ತಲೆ ಎತ್ತಿದಾಗ ನನ್ನನ್ನು ಕಂಡರೆ ಕರೆಯಬೇಡ, ಶಬಾನಾ. ಕುರ್ಚಿ ಕೊಡಬೇಡ.